ನಮ್ಮೂರ ಕೊಂಡಿಯನ್ನು ನಮ್ಮ ಮಕ್ಕಳೇ ಬರೆಯಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳು ಈಗ ಪ್ರಾಜೆಕ್ಟ್ ಹುಡುಕುತ್ತಿದ್ದಾರೆ. ಕಳೆದ ವಾರ ಪಕ್ಕದ ಮನೆಯ ಹುಡುಗಿ ಬಂದು, "ಅಕ್ಕಾ, ಯಾವ್ದಾದ್ರೂ ಟಾಪಿಕ್ ಹೇಳಿ" ಅಂದಳು. ನಮ್ಮೂರ ಅಂಗಡಿಗೆ ಬೇಕಾದ, ಒಂದು ಸಾಫ್ಟ್‌ವೇರನ್ನು ಇನ್ನೊಂದಕ್ಕೆ ಜೋಡಿಸುವ ಸಣ್ಣ ಕೊಂಡಿಯನ್ನು ಬರೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸು ಅಂದೆ. ಅವಳಿಗೆ ಹೇಳಿದ್ದನ್ನೇ ಉಳಿದವರಿಗೂ, ಅವರ ಮೇಷ್ಟ್ರುಗಳಿಗೂ ಹೇಳಬೇಕು ಅನಿಸಿತು.

ನಾನು ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮಂಡಿ ನಮ್ಮ ಮಾವನವರದು. ಬೆಳಿಗ್ಗೆ ಆಲೆಮನೆಗಳಿಂದ ಬೆಲ್ಲ ಬರುತ್ತದೆ. ತೂಕ ಆಗಿ, ರೇಟು ಕೂತ ಮೇಲೆ ರೈತರಿಗೆ ಪಟ್ಟಿ ಬರೆಯುತ್ತೇವೆ. ಮೊದಲೆಲ್ಲ ಸಂಜೆಯವರೆಗೂ ಫೋನು ನಿಲ್ಲುತ್ತಿರಲಿಲ್ಲ. "ಏನವ್ವಾ, ನಮ್ ಬೆಲ್ಲ ಎಷ್ಟ್ಕೆ ಹೋಯ್ತು?" ಕೇಳುವುದು ಅವರ ಹಕ್ಕು. ಆದರೆ ಒಬ್ಬರಿಗೆ ಹೇಳುವಷ್ಟರಲ್ಲಿ ಇನ್ನಿಬ್ಬರ ಫೋನು ಬಂದಿರುತ್ತಿತ್ತು.

ಅದಕ್ಕೇ ಎನ್‌ಏಟ್‌ಎನ್ ಎಂಬ ಸಾಫ್ಟ್‌ವೇರ್ ಅನ್ನು ಅಂಗಡಿಯ ಹಳೆಯ ಕಂಪ್ಯೂಟರಿಗೆ ಹಾಕಿಕೊಂಡೆ. 2019ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು. ನಮ್ಮ ಸ್ವಂತ ವ್ಯವಹಾರದ ಒಳಕೆಲಸಕ್ಕೆ ಬಳಸಿದರೆ ದುಡ್ಡು ಕೊಡಬೇಕಿಲ್ಲ. ಇದು ಒಂದು ಸಾಫ್ಟ್‌ವೇರ್‌ನಲ್ಲಿ ಆದ ಕೆಲಸವನ್ನು ಇನ್ನೊಂದಕ್ಕೆ ತಾನಾಗಿ ಮುಟ್ಟಿಸುತ್ತದೆ. ನಮ್ಮಲ್ಲಿ ಪಟ್ಟಿ ಆದ ಕೂಡಲೇ ರೈತರ ಮೊಬೈಲಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಹೋಗಬೇಕಿತ್ತು. ವಾಟ್ಸ್ಆ್ಯಪ್ ಆಗದು. ನಮ್ಮ ರೈತರಲ್ಲಿ ಬಟನ್ ಫೋನಿನವರು ಇನ್ನೂ ಜಾಸ್ತಿ.

ಕಷ್ಟ ಬಂದದ್ದು ಇಲ್ಲೇ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2018ರ ನಿಯಮದಂತೆ ವ್ಯಾಪಾರದವರು ಎಸ್ಸೆಮ್ಮೆಸ್ ಕಳಿಸಬೇಕಾದರೆ ಮೆಸೇಜಿನ ನಮೂನೆಯನ್ನು ಮೊದಲೇ ನೋಂದಾಯಿಸಬೇಕು. ಈ ನೋಂದಣಿಯ ವ್ಯವಸ್ಥೆಯನ್ನೇ ಡಿಎಲ್‌ಟಿ ಅನ್ನುತ್ತಾರೆ. ನಮೂನೆಗೊಂದು ನಂಬರ್ ಸಿಗುತ್ತದೆ. ಆ ನಂಬರ್ ಇಲ್ಲದೆ ಹೊರಟ ಮೆಸೇಜು ದಾರಿಯಲ್ಲೇ ನಿಂತುಬಿಡುತ್ತದೆ. ಎಸ್ಸೆಮ್ಮೆಸ್ ಕಳಿಸಲು ಬೇರೆಯವರು ಎನ್‌ಏಟ್‌ಎನ್‌ಗೆ ಬರೆದಿಟ್ಟ ಸಿದ್ಧ ಜೋಡಣೆಗಳಿವೆ, ಅವನ್ನು ನೋಡ್ ಅನ್ನುತ್ತಾರೆ. ನಾನು ನೋಡಿದವುಗಳಲ್ಲಿ ಆ ನಂಬರ್ ಬರೆಯುವ ಜಾಗವೇ ಇರಲಿಲ್ಲ. ಅವುಗಳನ್ನು ಬರೆದವರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರ ದೇಶದಲ್ಲಿ ಈ ನಿಯಮವಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮೊದಲು, ಯಾವ ವೆಬ್ ಸೇವೆಗಾದರೂ ವಿವರ ಕಳಿಸಬಲ್ಲ ಎಚ್‌ಟಿಟಿಪಿ ರಿಕ್ವೆಸ್ಟ್ ಎಂಬ ಸಾಮಾನ್ಯ ನೋಡ್‌ನಲ್ಲೇ ಕೆಲಸ ಸಾಗಿಸಿದೆ. ಆದರೆ ಅದೇ ವಿವರವನ್ನು ಐದು ವರ್ಕ್‌ಫ್ಲೋಗಳಲ್ಲಿ, ಅಂದರೆ ನೋಡ್‌ಗಳನ್ನು ಸಾಲಾಗಿ ಜೋಡಿಸಿದ ಸರಣಿಗಳಲ್ಲಿ, ನಕಲು ಮಾಡಿದ್ದೆ. ನಮೂನೆ ಬದಲಾದಾಗ ನಾಲ್ಕು ಕಡೆ ತಿದ್ದಿ ಒಂದು ಕಡೆ ಮರೆತೆ. ಎರಡು ದಿನ ಮದ್ದೂರು ಕಡೆಯ ರೈತರಿಗೆ ಮೆಸೇಜೇ ಹೋಗಲಿಲ್ಲ. ಆಮೇಲೆ ನಮ್ಮದೇ ನೋಡ್ ಬರೆಯಲು ಕೂತೆ.

ಮೂರು ವಾರ, ರಾತ್ರಿ ಊಟ ಆದ ಮೇಲೆ. ಎನ್‌ಏಟ್‌ಎನ್‌ನವರೇ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ಮಾದರಿ ಇಟ್ಟಿದ್ದಾರೆ, ಅದರಿಂದ ಶುರು ಮಾಡಬಹುದು. ಮುಖ್ಯವಾಗಿ ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡು ಫೈಲು. ಒಂದರಲ್ಲಿ ನೋಡ್ ಏನು ಮಾಡಬೇಕು ಎಂಬುದು. ಇನ್ನೊಂದರಲ್ಲಿ ಬಳಸುವವರಿಂದ ಕೀ (ಖಾತೆಯ ಗುಪ್ತ ಸಂಕೇತ), ಪಾಸ್‌ವರ್ಡ್ ಯಾವ ರೀತಿ ಪಡೆಯಬೇಕು ಎಂಬುದು. ಇವನ್ನೆಲ್ಲ ಸೇರಿಸಿ ಕಟ್ಟಿದ ಪ್ಯಾಕೇಜಿನ ಹೆಸರು 'ಎನ್‌ಏಟ್‌ಎನ್-ನೋಡ್ಸ್' ಎಂದೇ ಶುರುವಾಗಬೇಕು. ನಂತರ ಎನ್‌ಪಿಎಂ ಎಂಬ ಭಂಡಾರಕ್ಕೆ ಹಾಕಿದರೆ, ತಮ್ಮ ಕಂಪ್ಯೂಟರಿನಲ್ಲಿ ಎನ್‌ಏಟ್‌ಎನ್ ಇಟ್ಟುಕೊಂಡಿರುವ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಪ್ರಕಟಿಸಿದ ದಿನವೇ ಒಂದು ತಪ್ಪು ಕಂಡಿತು. ಪರೀಕ್ಷೆಗೆ ಬರೆದ ಫೈಲಿನಲ್ಲಿ ನಮ್ಮ ಎಸ್ಸೆಮ್ಮೆಸ್ ಖಾತೆಯ ಕೀ ಹಾಗೇ ಉಳಿದಿತ್ತು. 72 ಗಂಟೆಯೊಳಗೆ ಪ್ಯಾಕೇಜನ್ನು ಹಿಂದೆ ಪಡೆಯಲು ಎನ್‌ಪಿಎಂ ಬಿಡುತ್ತದೆ, ತೆಗೆದೆ. ಅಷ್ಟು ಸಾಲದು. ಅಷ್ಟರಲ್ಲಿ ಯಾರು ಇಳಿಸಿಕೊಂಡಿದ್ದರೋ ಗೊತ್ತಿಲ್ಲ. ಹಾಗಾಗಿ ಕೀಯನ್ನೇ ಬದಲಿಸಿದೆ. ಮಕ್ಕಳೇ, ಇದನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ತಪ್ಪನ್ನು ಕಂಡುಹಿಡಿದವರು ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿಯವರು. ಕನ್ನಡದ ಎಸ್ಸೆಮ್ಮೆಸ್‌ನಲ್ಲಿ ಒಂದು ಮೆಸೇಜಿಗೆ 70 ಅಕ್ಷರ ಮಾತ್ರ. ಇಂಗ್ಲಿಷಿಗಾದರೆ 160. ನಾನು ಕಣ್ಣಿಗೆ ಕಾಣುವ ಅಕ್ಷರ ಎಣಿಸುವಂತೆ ಬರೆದಿದ್ದೆ. ಆದರೆ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಸಿದ್ದೇಗೌಡ' ಅಂದರೆ ನಮಗೆ 4 ಅಕ್ಷರ, ಮೊಬೈಲ್ ಲೆಕ್ಕದಲ್ಲಿ 9. ಒಂದೇ ಮೆಸೇಜು ಅಂದುಕೊಂಡದ್ದು ಎರಡಾಗಿ ಹೋಗುತ್ತಿತ್ತು, ದುಡ್ಡೂ ಎರಡರಷ್ಟು. ಅವರು ನನಗೆ ಪರಿಚಯದವರಲ್ಲ. ನೋಡ್ ಪ್ರಕಟವಾಗಿದ್ದರಿಂದಲೇ ಅವರ ಕೈಗೆ ಸಿಕ್ಕಿತು, ಪ್ರಕಟವಾಗಿದ್ದರಿಂದಲೇ ನಮ್ಮ ತಪ್ಪೂ ಸರಿಯಾಯಿತು. ಅವರ ಕಾಗದ ಓದಿದ ದಿನ ನನಗೆ ತುಂಬಾ ಸಂತೋಷವಾಯಿತು.

ನಾನೂ ಇಲ್ಲೇ ಎಂಜಿನಿಯರಿಂಗ್ ಓದಿದವಳು. ನನ್ನ ಪ್ರಾಜೆಕ್ಟು ಕಪ್ಪು ರಟ್ಟಿನ ಬೈಂಡಿನಲ್ಲಿ ಕಾಲೇಜಿನ ಬೀರು ಸೇರಿತು. ವೈವಾ ಮುಗಿದ ಮೇಲೆ ಅದನ್ನು ಯಾರೂ ತೆರೆದಿಲ್ಲ, ನಾನೂ ತೆರೆದಿಲ್ಲ. ಮೈಸೂರಿನಲ್ಲಿ 1946ರಿಂದ, ಮಂಡ್ಯದಲ್ಲಿ 1962ರಿಂದ ಎಂಜಿನಿಯರಿಂಗ್ ಕಾಲೇಜುಗಳಿವೆ. ಇಷ್ಟು ವರ್ಷಗಳ ಬೈಂಡುಗಳಲ್ಲಿ ಎಷ್ಟು ಮಕ್ಕಳ ಬುದ್ಧಿ ಸುಮ್ನೆ ಮಲಗಿದೆಯೋ.

ಕಾಲೇಜುಗಳಲ್ಲಿ ನನ್ನ ವಿನಂತಿ ಇಷ್ಟು. ಊರಿನ ಒಂದು ಅಂಗಡಿಗೋ ಹಾಲಿನ ಡೇರಿಗೋ ಬೇಕಾದ ಜೋಡಣೆಯನ್ನು ಬರೆದು ಪ್ರಕಟಿಸಿದರೆ, ಅದನ್ನು ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಿ. ಬರೆದದ್ದಕ್ಕೆ ಮಾತ್ರ ಅಂಕ ಕೊಡಬೇಡಿ. ಬಳಸುವವರು ಹೇಳಿದ ತಪ್ಪನ್ನು ತಿದ್ದಿ ಮುಂದಿನ ಆವೃತ್ತಿ ಬಿಟ್ಟಿದ್ದಕ್ಕೂ ಕೊಡಿ. ಪ್ರಕಟಿಸುವುದು ಸಣ್ಣ ಜವಾಬ್ದಾರಿ ಅಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರು ಎನ್‌ಪಿಎಂನಿಂದ ತೆಗೆದುಬಿಟ್ಟಾಗ, ಅದನ್ನು ನೆಚ್ಚಿಕೊಂಡಿದ್ದ ಎಷ್ಟೋ ದೊಡ್ಡ ಸಾಫ್ಟ್‌ವೇರ್‌ಗಳ ಕೆಲಸ ನಿಂತುಹೋಗಿತ್ತು. ಮಕ್ಕಳು ಪಾಸಾಗಿ ಬೆಂಗಳೂರಿಗೆ ಹೋದ ಮೇಲೆ ಆ ನೋಡ್ ನೋಡಿಕೊಳ್ಳುವವರು ಯಾರು? ಎನ್‌ಪಿಎಂ ಖಾತೆ ಕಾಲೇಜಿನ ವಿಭಾಗದ ಹೆಸರಿನಲ್ಲಿದ್ದು, ಪ್ರತಿ ವರ್ಷ ಮುಂದಿನ ಬ್ಯಾಚಿನ ಕೈಗೆ ಹೋದರೆ ಒಳ್ಳೆಯದು.

ಕನ್ನಡದ ವಿಷಯವೂ ಒಂದಿದೆ. ಎನ್‌ಏಟ್‌ಎನ್‌ನವರ ಪರಿಶೀಲನೆಯ ಮುದ್ರೆ ಬೇಕಾದರೆ ನೋಡ್‌ನ ಪರದೆಯೂ ವಿವರಣೆಯೂ ಇಂಗ್ಲಿಷಿನಲ್ಲೇ ಇರಬೇಕು. ಅವರ ಕ್ಲೌಡ್‌ನಲ್ಲಿ, ಅಂದರೆ ಅವರೇ ತಮ್ಮ ಕಂಪ್ಯೂಟರುಗಳಲ್ಲಿ ನಡೆಸುವ ಎನ್‌ಏಟ್‌ಎನ್‌ನಲ್ಲಿ, ಹೊರಗಿನವರು ಬರೆದ ನೋಡ್‌ಗಳ ಪೈಕಿ ಮುದ್ರೆ ಸಿಕ್ಕವು ಮಾತ್ರ ನಡೆಯುತ್ತವೆ. ಹಾಗಾಗಿ ನಮ್ಮ ಅಂಗಡಿಯವರಿಗೆ ಅರ್ಥವಾಗುವ ಕನ್ನಡದ ಕೈಪಿಡಿಯನ್ನು ಬೇರೆಯಾಗಿಯೇ ಬರೆದಿಡಬೇಕು. ಈ ಕೆಲಸಕ್ಕೆ ಕೋಡ್ ಗೊತ್ತಿರಬೇಕಾಗಿಲ್ಲ. ಬಿ.ಕಾಂ., ಬಿ.ಎ. ಮಕ್ಕಳೂ ಸೇರಿಕೊಳ್ಳಬಹುದು.

ಪಕ್ಕದ ಮನೆಯ ಹುಡುಗಿ ಈಗ ತೂಕದ ಯಂತ್ರದಿಂದ ಬಿಲ್ಲಿಗೆ ಅಂಕಿ ತರುವ ಜೋಡಣೆಗೆ ಕೈ ಹಾಕಿದ್ದಾಳೆ. ಮಾವನವರು ಒಪ್ಪಿದ್ದಾರೆ. ಬೇರೆ ಮಕ್ಕಳು ಬಂದರೂ ರೈತರ ಹೆಸರು, ನಂಬರ್ ತೆಗೆದ ಪಟ್ಟಿಗಳ ನಕಲು ಕೊಡುತ್ತೇವೆ. ಬೆಳಿಗ್ಗೆ ಬೇಡ, ವ್ಯಾಪಾರದ ಗಡಿಬಿಡಿ ಇರುತ್ತದೆ. ಮಧ್ಯಾಹ್ನ 3ರ ಮೇಲೆ ಬಂದರೆ ಕೂತು ತೋರಿಸುತ್ತೇನೆ.

— ಬೆಲ್ಲದ ಮಂಡಿಯ ಲೆಕ್ಕದವಳು, ಮಂಡ್ಯ