ಭಾನುವಾರದ ಚರ್ಚೆ: ಮೈಕಲ್ ಮಿಲ್ಕನ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ದಾವಣಗೆರೆ ವಿದ್ಯಾನಗರದಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಬರುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ.

ಮಿಲ್ಕನ್ ಅಮೆರಿಕದ ಹಣಕಾಸುಗಾರ, 1980ರ ದಶಕದಲ್ಲಿ ಜಂಕ್ ಬಾಂಡ್ (ಸಾಲ ತೀರುವ ಭರವಸೆ ಕಡಿಮೆ, ಬಡ್ಡಿ ಹೆಚ್ಚು ಇರುವ ಕಂಪನಿ ಸಾಲಪತ್ರ) ವ್ಯಾಪಾರಕ್ಕೆ ಹೆಸರಾದವರು. ಮೊದಲು ಅದರ ಲೆಕ್ಕ ಅರ್ಥವಾಗಬೇಕು. ನಮ್ಮೂರ ಅಕ್ಕಿ ಗಿರಣಿಯೊಂದು 100 ರೂಪಾಯಿ ಬಾಂಡಿಗೆ ವರ್ಷಕ್ಕೆ 12 ರೂಪಾಯಿ ಬಡ್ಡಿ ಕೊಡುತ್ತದೆ ಅಂದುಕೊಳ್ಳಿ. ಸಾಲ ತೀರಿಸುತ್ತದೋ ಇಲ್ಲವೋ ಎಂಬ ಭಯಕ್ಕೆ ಬಾಂಡ್ ಬೆಲೆ 80ಕ್ಕೆ ಇಳಿದರೆ, ಆಗ ಕೊಂಡವರಿಗೆ ಸಿಗುವ ಬಡ್ಡಿ ಶೇ 15. ಇಂಥ ಹಲವು ಬಾಂಡ್ ಒಟ್ಟಿಗೆ ಇಟ್ಟುಕೊಂಡರೆ, ಕೆಲವು ಮುಳುಗಿದರೂ ಉಳಿದವು ಸರಿದೂಗಿಸುತ್ತವೆ ಎಂಬುದು ಮಿಲ್ಕನ್ ವಾದ. ಆದರೆ ಮಾರುಕಟ್ಟೆಯೇ ಕುಸಿದಾಗ ಎಲ್ಲವೂ ಒಟ್ಟಿಗೆ ಬೀಳುತ್ತವೆ, ಕೊಳ್ಳುವವರು ಸಿಗುವುದಿಲ್ಲ. ಮಿಲ್ಕನ್ ಕೆಲಸ ಮಾಡಿದ್ದ ಡ್ರೆಕ್ಸೆಲ್ ಎಂಬ ಹೂಡಿಕೆ ಬ್ಯಾಂಕ್ 1990ರ ಫೆಬ್ರುವರಿಯಲ್ಲಿ ದಿವಾಳಿಯಾಯಿತು. ಬಾಂಡಿನ ರೇಟಿಂಗ್ (ಸಾಲ ತೀರಿಸುವ ಶಕ್ತಿಗೆ ಕೊಡುವ ದರ್ಜೆ) 'ಬಿಬಿಬಿ ಮೈನಸ್'ಗಿಂತ ಕೆಳಗಿದ್ದರೆ ನಮ್ಮಲ್ಲೂ ಇದೇ ಅಪಾಯ, ದಯವಿಟ್ಟು ಬಡ್ಡಿ ನೋಡಿ ಮರುಳಾಗಬೇಡಿ.

ಮಿಲ್ಕನ್ ಬಗ್ಗೆ ಫಾರ್ವರ್ಡ್ ಸಂದೇಶಗಳಲ್ಲಿ ಎರಡು ತಪ್ಪು ಓಡಾಡುತ್ತಿವೆ. ಅವರು ಇನ್‌ಸೈಡರ್ ಟ್ರೇಡಿಂಗ್ (ಕಂಪನಿಯ ಒಳಗುಟ್ಟು ತಿಳಿದು ಷೇರು ವ್ಯಾಪಾರ ಮಾಡುವುದು) ತಪ್ಪಿತಸ್ಥರು ಎಂಬುದು ಮೊದಲನೆಯದು. 1989ರಲ್ಲಿ ಅವರ ಮೇಲೆ ಹೊರಿಸಿದ್ದು ವಂಚನೆ ಮೊದಲಾದ 98 ಆರೋಪ, ಮರುವರ್ಷ ಅವರು ಒಪ್ಪಿಕೊಂಡದ್ದು 6 ಮಾತ್ರ; ಇನ್‌ಸೈಡರ್ ಟ್ರೇಡಿಂಗ್ ಅದರಲ್ಲಿಲ್ಲ. ಆಗ ತೆರಲು ಒಪ್ಪಿದ ಮೊತ್ತ 60 ಕೋಟಿ ಡಾಲರ್, ಜೈಲಿನಲ್ಲಿದ್ದದ್ದು ಸುಮಾರು 22 ತಿಂಗಳು. ದಾನ ಶುರುವಾದದ್ದು ಜೈಲಿನ ನಂತರ ಎನ್ನುವುದೂ ತಪ್ಪು, ಕುಟುಂಬದ ಪ್ರತಿಷ್ಠಾನ 1982ರದ್ದು. ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೆ ಸಂಸ್ಥೆ ಕಟ್ಟಿದ್ದು 1993ರಲ್ಲಿ, ಅದೇ ಕಾಯಿಲೆ ತಮಗೇ ಇದೆಯೆಂದು ಗೊತ್ತಾದ ವರ್ಷ. ಆ ಕೆಲಸ ನಿಜಕ್ಕೂ ದೊಡ್ಡದು. 2020ರಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು.

ಪ್ರಶ್ನೆಗಳನ್ನು ಶನಿವಾರ ಸಂಜೆಯೊಳಗೆ ಇಲ್ಲೇ ಹಾಕಿ.