ಅಧ್ಯಾಯ ಎಷ್ಟುದ್ದ ಇರಬೇಕು?

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಅಧ್ಯಾಯ ಎಷ್ಟುದ್ದ ಇರಬೇಕು ಎಂದು ಕೇಳಿದ್ದೆಯಲ್ಲ. ಅಧ್ಯಾಯಕ್ಕೆ 3000 ಪದ ಎಂಬ ಲೆಕ್ಕ ಇಂಗ್ಲಿಷ್ ಬರಹಗಾರರದು. ‘ಹೋಗಬೇಕಾಗಿತ್ತಂತೆ’ ನಮಗೆ ಒಂದೇ ಪದ, ಅವರಿಗೆ ನಾಲ್ಕೈದು ಬೇಕು. ಹಾಗಾಗಿ ಅವರ 3000 ನಮ್ಮಲ್ಲಿ ಸುಮಾರು 2000ಕ್ಕೆ ಇಳಿಯುತ್ತದೆ. ಡೆಮಿ 1/8 ಅಳತೆಯ ಪುಸ್ತಕದ ಒಂದು ಪುಟಕ್ಕೆ ಇನ್ನೂರು ಚಿಲ್ಲರೆ ಪದ ಹಿಡಿಸಿದರೆ ಎಂಟು ಹತ್ತು ಪುಟ. ಮೊದಲ ಕರಡಿಗೆ ಈ ಅಂದಾಜು ಸಾಕು.

ಕರಡು ಪೂರ್ತಿ ಮುಗಿಯುವ ತನಕ ಕತ್ತರಿ ಹಿಡಿಯಬೇಡ. ಮುಗಿದ ಮೇಲೆ ಒಂದು ಹಾಳೆಯಲ್ಲಿ ಪ್ರತಿ ಅಧ್ಯಾಯದ ಎದುರು ಎರಡು ಸಂಗತಿ ಬರೆ: ಎಷ್ಟು ಪದ, ಅಲ್ಲಿ ಏನು ಬದಲಾಯಿತು. ‘ತವರುಮನೆಯ ವರ್ಣನೆ’ ಬದಲಾವಣೆಯಲ್ಲ. ನಿನ್ನ ಕಥೆಯ ‘ಪಾಲುಪತ್ರಕ್ಕೆ ಸರೋಜ ಸಹಿ ಹಾಕಲಿಲ್ಲ’ ಅನ್ನುವುದು ಬದಲಾವಣೆ. ಬರೆಯಲು ಏನೂ ಸಿಗದ ಅಧ್ಯಾಯವನ್ನು ಹಿಂದಿನದಕ್ಕೋ ಮುಂದಿನದಕ್ಕೋ ಸೇರಿಸು. ಸೇರಿಸುವಾಗ ಅರ್ಧ ಪುಟಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಎರಡು ಬದಲಾವಣೆ ಇದ್ದರೆ ಒಡೆಯಬಹುದು. ಆದರೆ ಮೊದಲನೆಯದರ ಬಿಸಿ ಆರುವ ಮುಂಚೆಯೇ ಎರಡನೆಯದು ಬಡಿಯಬೇಕಿದ್ದರೆ ಒಡೆಯಬೇಡ, 20 ಪುಟವಾದರೂ ಆಗಲಿ.

ಅಧ್ಯಾಯ ಸುಮ್ಮನೆ ಊದಿಕೊಳ್ಳುವುದು ಹೆಚ್ಚಾಗಿ ಎರಡು ತುದಿಗಳಲ್ಲಿ. ಶುರುವಿನಲ್ಲಿ ಬೆಳಗಾಗುತ್ತದೆ, ಕಾಫಿ ಬರುತ್ತದೆ. ಕೊನೆಯಲ್ಲಿ ಎಲ್ಲರೂ ಉಂಡು ದೀಪ ಆರಿಸಿ ಮಲಗುತ್ತಾರೆ, ಜೊತೆಗೆ ಓದುಗರೂ. ಸರೋಜ ಪೆನ್ನಿಗೆ ಮುಚ್ಚಳ ಹಾಕಿ ಪತ್ರದ ಮೇಲಿಟ್ಟಳಲ್ಲ, ಅಲ್ಲಿಗೇ ನಿಲ್ಲಿಸು. ಅಣ್ಣನ ಕೂಗಾಟ ಮುಂದಿನ ಅಧ್ಯಾಯದ ಮೊದಲ ಸಾಲಿಗಾಗುತ್ತದೆ.

ಹಾಳೆಯ ಅಂಕಿಗಳನ್ನೂ ಮೇಲಿಂದ ಕೆಳಗೆ ಓದಿ ನೋಡು. 2000, 2100, 1950, 2050 ಅಂತ ಸಾಲಾಗಿದ್ದರೆ ಅನುಮಾನಪಡು. ಅಧ್ಯಾಯ ಎಲ್ಲಿ ಮುಗಿಯುತ್ತದೆಂದು ಓದುಗರಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಸಾವಿನ ಮರುದಿನಕ್ಕೆ 400 ಪದವೇ ಸಾಕಾಗಬಹುದು. ಅಮೆರಿಕದ ಕಾದಂಬರಿಕಾರ ಫಾಕ್ನರ್ 1930ರ ಕಾದಂಬರಿಯೊಂದರಲ್ಲಿ ತಾಯಿ ಸತ್ತ ಹುಡುಗನಿಗೆ ಐದೇ ಪದದ ಅಧ್ಯಾಯ ಕೊಟ್ಟ. ಅದು ನಾಟುವುದು ಉಳಿದ ಅಧ್ಯಾಯಗಳಲ್ಲಿ ಹೆಚ್ಚಿನವು ಅದಕ್ಕಿಂತ ಎಷ್ಟೋ ಉದ್ದವಿರುವುದರಿಂದ. ಹತ್ತು ಕಡೆ ಹಾಗೆ ಮಾಡಿದ್ದರೆ ಚಮತ್ಕಾರ ಅನ್ನಿಸುತ್ತಿತ್ತು.

ಧಾರಾವಾಹಿಯಾಗಿ ಬಂದದ್ದನ್ನು ಪುಸ್ತಕ ಮಾಡುವಾಗ ಮಾತ್ರ ಬೇರೆ ಕೆಲಸವಿದೆ. ವಾರಪತ್ರಿಕೆಯ ಕಂತು ತುಂಡಾಗುವುದು ಪುಟದಲ್ಲಿರುವ ಜಾಗ ನೋಡಿ, ಕಥೆ ನೋಡಿ ಅಲ್ಲ. ಎರಡು ಮೂರು ಕಂತು ಕೂಡಿಸಿ ಒಂದು ಅಧ್ಯಾಯ ಮಾಡು. ಪ್ರತಿ ಕಂತಿನ ಕೊನೆಗೆ ಕುತೂಹಲಕ್ಕೆಂದು ಇಟ್ಟ ಬಾಗಿಲು ತಟ್ಟುವ ಸದ್ದುಗಳಲ್ಲಿ ಒಂದನ್ನು ಉಳಿಸಿಕೋ. ಕಳೆದ ವಾರದ್ದನ್ನು ನೆನಪಿಸಲೆಂದು ಹಾಕಿದ ‘ನಿನ್ನೆಯ ಜಗಳದ ನಂತರ ಸರೋಜ...’ ಎಂಬಂಥ ಸಾಲುಗಳನ್ನು ಹುಡುಕಿ ತೆಗೆ. ಪುಸ್ತಕದಲ್ಲಿ ಆ ಜಗಳ ಎದುರು ಪುಟದಲ್ಲೇ ಇರುತ್ತದೆ.