ಚೀನಾ ಚಹಾ ಕಹಿಯಾದರೆ ಎಲೆಯನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಈಗೀಗ ದೀಪಾವಳಿಯ ಉಡುಗೊರೆ ಡಬ್ಬಿಗಳಲ್ಲಿ ಗೋಡಂಬಿ, ಒಣದ್ರಾಕ್ಷಿಯ ಜೊತೆ ಚೀನಾದ ಚಹಾವೂ ಬರುತ್ತಿದೆ. ಅದನ್ನು ಹಾಲು, ಸಕ್ಕರೆ, ಶುಂಠಿ ಹಾಕಿ ಕೊತಕೊತ ಕುದಿಸಿ, ಒಂದು ಗುಟುಕಿಗೇ ಕಹಿ ಎಂದು ಬದಿಗಿಡುವವರೇ ಹೆಚ್ಚು. ಹರಳುಹರಳಾದ ನಮ್ಮ ಚಹಾಪುಡಿ ಕುದಿಸಿ ಹಾಲು ಬೆರೆಸಲೆಂದೇ ತಯಾರಾದದ್ದು. ಚೀನಾದ ಇಡೀ ಎಲೆಯನ್ನು ಬಿಸಿನೀರಲ್ಲಿ ನೆನೆಸಿ ಸೋಸಬೇಕು, ಒಲೆಯ ಮೇಲಿಡಬಾರದು.

ನಮ್ಮ ಭಾಗದಲ್ಲಿ ಮೊದಲ ತೊಡಕು ನೀರಿನದು. ಶಹಾಬಾದ, ಸೇಡಂ, ಚಿತ್ತಾಪುರದ ನೆಲದಡಿ ಸುಣ್ಣದ ಕಲ್ಲು; ಬೋರ್‌ವೆಲ್ ನೀರು ಗಡಸು. ಈ ನೀರಲ್ಲಿ ಮಾಡಿದ ಚಹಾದ ಮೇಲೆ ಸ್ವಲ್ಪ ಹೊತ್ತಿಗೇ ತೆಳ್ಳನೆಯ ಕಂದು ಪೊರೆ ಕಟ್ಟುತ್ತದೆ, ಕಪ್ ವಾಲಿಸಿದರೆ ಒಡೆದು ಅಂಚಿಗೆ ಅಂಟುತ್ತದೆ. ನೀರಿನ ಕ್ಯಾಲ್ಸಿಯಂ ಚಹಾದ ಒಗರಿನ ಅಂಶದ ಜೊತೆ ಕೂಡಿ ಆಗುವ ಪೊರೆಯಿದು. ಬಣ್ಣ ಮಬ್ಬಾಗುತ್ತದೆ, ಪರಿಮಳ ಏಳುವುದೇ ಇಲ್ಲ. ಹಾಗೆಂದು ಬರೀ ಆರ್‌ಒ ನೀರೂ ಬೇಡ, ರುಚಿ ಸಪ್ಪೆಯಾಗುತ್ತದೆ. ಮೂರು ಪಾಲು ಆರ್‌ಒ ನೀರಿಗೆ ಒಂದು ಪಾಲು ನಳದ ನೀರು ಬೆರೆಸಿದರೆ ಹದ. ಆರ್‌ಒ ಇಲ್ಲದವರು ನೀರನ್ನು 10 ನಿಮಿಷ ಕುದಿಸಿ, ರಾತ್ರಿಯಿಡೀ ಮುಚ್ಚಿಟ್ಟು, ತಳದ ಬಿಳಿ ಗಸಿ ಕದಡದಂತೆ ಮೇಲಿನ ತಿಳಿಯನ್ನು ತೆಗೆದುಕೊಳ್ಳಲಿ. ಗಡಸು ಪೂರ್ತಿ ಹೋಗದಿದ್ದರೂ ಪೊರೆ ಬಹಳ ಕಡಿಮೆಯಾಗುತ್ತದೆ.

ಹಾಂಗ್‌ಝೌದ ಲಾಂಗ್‌ಜಿಂಗ್‌ನಂತಹ ಹಸಿರು ಚಹಾಕ್ಕೆ 80 ಡಿಗ್ರಿ ಬಿಸಿ ಸಾಕು. ಥರ್ಮಾಮೀಟರ್ ಬೇಕಿಲ್ಲ; ಕುದಿದ ನೀರನ್ನು ತಣ್ಣನೆಯ ಸ್ಟೀಲ್ ಪಾತ್ರೆಗೆ, ಅಲ್ಲಿಂದ ಇನ್ನೊಂದಕ್ಕೆ ಸುರಿದರೆ ಹೆಚ್ಚುಕಡಿಮೆ ಆ ಬಿಸಿಗೆ ಇಳಿಯುತ್ತದೆ. 200 ಮಿ.ಲೀ. ನೀರಿಗೆ 3 ಗ್ರಾಂ ಎಲೆ, ಎರಡು ನಿಮಿಷ. ಕುದಿನೀರನ್ನೇ ಸುರಿದರೆ ಕೆಫೀನ್, ಒಗರಿನ ಅಂಶವಾದ ಕ್ಯಾಟೆಚಿನ್‌ಗಳು ಒಮ್ಮೆಲೇ ಬಿಟ್ಟುಕೊಂಡು ಬಾಯೆಲ್ಲ ಕಹಿ, ಒಗರು.

ಆದರೆ ಶೇಂಗಾ ಹೋಳಿಗೆ, ಕರ್ಚಿಕಾಯಿ, ಮಾಲ್ಪುರಿಯ ಮುಂದೆ ಹಸಿರು ಚಹಾ ನಿಲ್ಲುವುದಿಲ್ಲ. ಅಲ್ಲಿ ಬೇಕಾದದ್ದು ಫುಜಿಯಾನ್‌ನ ಹುರಿದ ಊಲಾಂಗ್ (ಹಸಿರು ಮತ್ತು ಕಪ್ಪು ಚಹಾದ ನಡುವಿನ ಬಗೆ), ಇಲ್ಲವೇ ಯುನ್ನಾನ್‌ನ ಮಾಗಿಸಿದ ಪು-ಅರ್. ಚೀನಾದವರೂ ಶರತ್ಕಾಲದ ಹುಣ್ಣಿಮೆ ಹಬ್ಬದಲ್ಲಿ ಕಮಲಬೀಜದ ಹೂರಣ ತುಂಬಿದ ಮೂನ್‌ಕೇಕ್ ಜೊತೆ ಇವನ್ನು ಕುಡಿಯುತ್ತಾರೆ. ಪು-ಅರ್ ಎಲೆಯನ್ನು ಒತ್ತಿ ಮಾಡಿದ ಬಿಲ್ಲೆ ಸಾಮಾನ್ಯವಾಗಿ 357 ಗ್ರಾಂ ಇರುತ್ತದೆ. ಕುಟ್ಟಿ ಒಡೆದರೆ ಎಲೆ ಪುಡಿಯಾಗಿ ಚಹಾ ಬಗ್ಗಡವಾಗುತ್ತದೆ. ಮೊಂಡು ಚಾಕುವಿನ ತುದಿಯನ್ನು ಅಂಚಿನಿಂದ ಅಡ್ಡಲಾಗಿ ತೂರಿಸಿ ಪದರುಪದರಾಗಿ ಎಬ್ಬಿಸಬೇಕು. ಪಿಂಗಾಣಿ ಕಪ್‌ಗೆ ಬಸಿಯೇ ಮುಚ್ಚಳ. 5 ಗ್ರಾಂ ಎಲೆಗೆ 120 ಮಿ.ಲೀ. ಕುದಿನೀರು ಹಾಕಿ, ಮೊದಲ ನೀರನ್ನು ಐದು ಸೆಕೆಂಡಿಗೇ ಚೆಲ್ಲಿಬಿಡಿ. ಎರಡನೆಯದನ್ನು 15 ಸೆಕೆಂಡಿಗೆ ಸೋಸಿ ಹಂಚಿ. ಆಮೇಲೆ ಪ್ರತಿ ಸಲ ಐದಾರು ಸೆಕೆಂಡು ಹೆಚ್ಚಿಸುತ್ತ ಹೋದರೆ ಅದೇ ಎಲೆಯಿಂದ ಆರೇಳು ಸಲ ಚಹಾ ಆಗುತ್ತದೆ. ನೆಂಟರು ಒಬ್ಬರ ಹಿಂದೊಬ್ಬರು ಬರುವ ಹಬ್ಬದ ದಿನಕ್ಕೆ ಇದಕ್ಕಿಂತ ಅನುಕೂಲದ ಚಹಾ ಇಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವವರು ಹಸಿರು ಚಹಾ ಮಾಡಿ ಫ್ಲಾಸ್ಕಿಗೆ ತುಂಬಬೇಡಿ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಏಳುವಷ್ಟರಲ್ಲಿ ಅದು ಕಂದಾಗಿ ಕೆಟ್ಟಿರುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು, ಪೊಟ್ಟಣದಲ್ಲಿ ಎಲೆ ಬೇರೆಬೇರೆ ಇರಲಿ.

ಚಹಾ ಎಲೆ ವಾಸನೆಯನ್ನು ಬಲು ಬೇಗ ಹೀರುತ್ತದೆ. ಫುಝೌದ ಮಲ್ಲಿಗೆ ಚಹಾ ಆಗುವುದೇ ಈ ಗುಣದಿಂದ: ರಾತ್ರಿ ಅರಳುವ ಮೊಗ್ಗುಗಳನ್ನು ಎಲೆಯಲ್ಲಿ ಬೆರೆಸಿಟ್ಟು, ಆಮೇಲೆ ಹೂವನ್ನು ಜರಡಿಯಾಡಿ ತೆಗೆದು, ಮತ್ತೆ ಹೊಸ ಮೊಗ್ಗು ಬೆರೆಸುತ್ತಾರೆ. ಖಾರದಪುಡಿ, ಮಸಾಲೆ ಡಬ್ಬಿಗಳ ಪಕ್ಕ ಇಟ್ಟ ಚಹಾ ಹಾಳಾಗುವುದೂ ಇದೇ ಗುಣದಿಂದ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಸಿರು ಚಹಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಪು-ಅರ್‌ಗೆ ಫ್ರಿಜ್ ಬೇಡ.

ವರ್ತಕರಲ್ಲೂ ಒಂದು ಮನವಿ. ‘ಚೀನಾ ಚಹಾ’ ಎಂದಷ್ಟೇ ಬರೆದ, ತಯಾರಿಕೆಯ ದಿನಾಂಕವಿಲ್ಲದ ಪೊಟ್ಟಣ ಮಾರಬೇಡಿ. ವರ್ಷ ದಾಟಿದ ಹಸಿರು ಚಹಾದಲ್ಲಿ ಹೊಸ ಎಲೆಯ ಘಮ ಉಳಿಯುವುದಿಲ್ಲ. ಆಮದು ಮಾಡಿದವರ ಹೆಸರು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ ಪೊಟ್ಟಣದ ಮೇಲೆ ಇರಲೇಬೇಕೆಂಬ ನಿಯಮವಿದೆ. ‘ಕೊಬ್ಬು ಕರಗಿಸುತ್ತದೆ’ ಎಂಬ ಚೀಟಿ ತೆಗೆದು, ಯಾವ ಚಹಾ, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಕನ್ನಡದಲ್ಲಿ ಮೂರು ಸಾಲು ಅಂಟಿಸಿ.

– ಚಹಾಪ್ರಿಯ ಓದುಗರು, ಕಲಬುರಗಿ